ಹಳೆ ಗೇಮ್ ಕೊಳ್ಳುವ ಮುನ್ನ: ಗ್ರೇಡ್ ಆದ ಡಬ್ಬಿಯೋ, ಬಿಡಿ ಕ್ಯಾಸೆಟ್ಟೋ, ಎಮ್ಯುಲೇಟರೋ?

ನ್ಯೂಜೆರ್ಸಿಯಲ್ಲಿರುವ ನನ್ನ ತಂಗಿಯ ಗಂಡ ಹೋದ ತಿಂಗಳು ಒಂದು ಫೋಟೋ ಕಳಿಸಿದ. ದಪ್ಪನೆಯ ಅಕ್ರಿಲಿಕ್ ಪೆಟ್ಟಿಗೆ. ಒಳಗೆ ನಿಂಟೆಂಡೊ 64 ಎಂಬ ಹಳೆಯ ಗೇಮ್ ಯಂತ್ರದ ಒಂದು ಗೇಮ್. ಅಂಗಡಿಯಿಂದ ತಂದಾಗ ಹೇಗಿತ್ತೋ ಹಾಗೇ ಇದೆ, ಪ್ಲಾಸ್ಟಿಕ್ ಸುತ್ತು ಕೂಡ ಬಿಚ್ಚಿಲ್ಲ. ಮೇಲಿನ ಚೀಟಿಯಲ್ಲಿ ದೊಡ್ಡದಾಗಿ 9.4 ಎಂದು ಇದೆ. ಬೆಲೆ 2,400 ಡಾಲರ್. "ಭಾವ, ಬೋನಸ್ ಬಂದಿದೆ. ತಗೊಂಡುಬಿಡ್ಲಾ?" ಎಂದು ಕೇಳಿದ.

ಅದೇ ವಾರ ಹುಬ್ಬಳ್ಳಿಯಿಂದ ಹಳೆಯ ಗೆಳೆಯನ ಫೋನ್. "ಹತ್ತು ಸಾವಿರ ಅದಾವ ನೋಡೋ. ನಾವು ಆಡ್ತಿದ್ವಲ್ಲ, ಆ ಟಿವಿ ಗೇಮ್ ಮತ್ತ ಬೇಕಾಗೇತಿ. ಮಗಗ ತೋರಿಸ್ಬೇಕು. ಏನ್ ತಗೊಳ್ಳಲಿ?"

ಇಬ್ಬರೂ ಕೇಳಿದ್ದು ಹಳೆ ಗೇಮ್ ಬಗ್ಗೆಯೇ. ಆದರೆ ಒಬ್ಬನ ಉತ್ತರವನ್ನು ಇನ್ನೊಬ್ಬನಿಗೆ ಕೊಟ್ಟರೆ ಇಬ್ಬರ ದುಡ್ಡೂ ಹಾಳು. ಇದೇ ಗೊಂದಲದಲ್ಲಿ ಇನ್ನೂ ಕೆಲವರು ಬರೆದಿದ್ದಾರೆ. ಹಾಗಾಗಿ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಯಾವುದನ್ನು ನೋಡಿ ಅಳೆಯಬೇಕು

ನನ್ನ ಪ್ರಕಾರ ಮೊದಲು ಕೇಳಿಕೊಳ್ಳಬೇಕಾದ್ದು ಒಂದೇ. ಇದು ಆಡಲಿಕ್ಕೋ, ಶೋಕೇಸಿನಲ್ಲಿ ಇಡಲಿಕ್ಕೋ, ಮುಂದೆ ಮಾರಲಿಕ್ಕೋ? "ಮೂರೂ" ಎಂದು ಹೇಳುವವರು ಜಾಸ್ತಿ. ಆದರೆ ಒಂದೇ ವಸ್ತು ಮೂರನ್ನೂ ಮಾಡುವುದು ಅಪರೂಪ. ಸೀಲ್ ಒಡೆಯದ ಗೇಮನ್ನು ಆಡಲಾಗದು, ಆಡಿದರೆ ಅದು ಸೀಲ್ ಆದ ಗೇಮಾಗಿ ಉಳಿಯದು.

ಎರಡನೆಯದು ಒಟ್ಟು ಖರ್ಚು. ಕ್ಯಾಸೆಟ್ಟಿನ ಬೆಲೆ ನೋಡಿ "ಅಯ್ಯೋ ಇಷ್ಟೇನಾ" ಅನಿಸುತ್ತದೆ. ಅದಕ್ಕೆ ಕನ್ಸೋಲ್ (ಗೇಮ್ ಆಡಿಸುವ ಯಂತ್ರ), ಸರಿಯಾದ ಅಡಾಪ್ಟರ್, ಕೇಬಲ್, ಟಿವಿ, ಹೊರದೇಶದಿಂದ ತರಿಸಿದರೆ ಕೊರಿಯರ್, ಕಸ್ಟಮ್ಸ್ ಸುಂಕ ಎಲ್ಲ ಸೇರಿಸಿ. ಮೂರನೆಯದು, ಅಸಲಿಯೋ ನಕಲಿಯೋ ಎಂದು ನೀವೇ ಕೈಯಾರೆ ನೋಡಿ ಹೇಳಬಹುದೇ, ಇಲ್ಲಾ ಬೇರೆಯವರ ಮಾತು ನಂಬಬೇಕೇ? ನಾಲ್ಕನೆಯದು ನಿಮ್ಮ ಮನೆಯ ಹವೆ. ಕೊನೆಗೆ, ನಾಳೆ ದುಡ್ಡು ಬೇಕಾಯಿತು ಎಂದರೆ ಅದನ್ನು ನಿಮ್ಮಿಂದ ಯಾರು ಕೊಳ್ಳುತ್ತಾರೆ, ಎಷ್ಟು ಬೇಗ?

ಅಳೆಯಲು ಒಂದೇ ಗೇಮ್ ಹಿಡಿದುಕೊಳ್ಳೋಣ. ನಿಂಟೆಂಡೊದ ಮೊದಲ 'ದಿ ಲೆಜೆಂಡ್ ಆಫ್ ಜೆಲ್ಡಾ'. ಜಪಾನಿನಲ್ಲಿ 1986ರಲ್ಲಿ ಬಂತು, ಅಮೆರಿಕಕ್ಕೆ 1987ರಲ್ಲಿ. ಎನ್‌ಇಎಸ್ ಎಂಬ ನಿಂಟೆಂಡೊ ಕನ್ಸೋಲಿಗೆ ಅಮೆರಿಕದಲ್ಲಿ ಬಂದ ಕ್ಯಾಸೆಟ್ ಚಿನ್ನದ ಬಣ್ಣದ್ದು. ಡಬ್ಬಿಯ ಮುಂಭಾಗದಲ್ಲಿ ಒಂದು ಕಿಟಕಿ ಕತ್ತರಿಸಿ ಆ ಬಣ್ಣ ಹೊರಗೆ ಕಾಣುವ ಹಾಗೆ ಮಾಡಿದ್ದರು. ಒಳಗೆ ಮಡಚಿಟ್ಟ ಒಂದು ನಕ್ಷೆ. ಅದರ ಕೆಲವು ಭಾಗಗಳನ್ನು ಬೇಕೆಂದೇ ಖಾಲಿ ಬಿಟ್ಟಿದ್ದರು, ಆಡುವವರು ತಾವೇ ಹುಡುಕಿ ತುಂಬಿಕೊಳ್ಳಲಿ ಎಂದು. ಲೋಕದ ಉದ್ದಗಲಕ್ಕೂ ಸುಮಾರು 65 ಲಕ್ಷ ಪ್ರತಿ ಮಾರಾಟವಾದ ಗೇಮ್ ಇದು.

ಗ್ರೇಡ್ ಆದ, ಸೀಲ್ ಒಡೆಯದ ಪ್ರತಿ

ಗ್ರೇಡಿಂಗ್ ಎಂದರೆ ಏನು ಎಂದು ಮೊದಲು ತಿಳಿಯೋಣ. ನಿಮ್ಮ ಗೇಮನ್ನು ಒಂದು ಕಂಪನಿಗೆ ಕಳಿಸುತ್ತೀರಿ. ಅವರು ಅದು ಅಸಲಿ ಹೌದೇ ಎಂದು ನೋಡುತ್ತಾರೆ, ಎಷ್ಟು ಚೆನ್ನಾಗಿ ಉಳಿದಿದೆ ಎಂದು ಅಂಕ ಕೊಡುತ್ತಾರೆ, ಗಟ್ಟಿ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಮುಚ್ಚಿ ವಾಪಸ್ ಕಳಿಸುತ್ತಾರೆ. ಅಮೆರಿಕದ ವಿಜಿಎ ಈ ಕೆಲಸದಲ್ಲಿ ಹಳಬರು, 100ರ ಲೆಕ್ಕದಲ್ಲಿ ಅಂಕ ಕೊಡುತ್ತಾರೆ. 2018ರಲ್ಲಿ ಕೆಲಸ ಶುರು ಮಾಡಿದ ವಾಟಾ 10ರ ಲೆಕ್ಕ ತಂದಿತು. ಡಬ್ಬಿಗೆ ಒಂದು ಅಂಕ, ಮೇಲಿನ ಸೀಲಿಗೆ ಬೇರೆಯಾಗಿ ಎ ಪ್ಲಸ್ ಪ್ಲಸ್, ಎ ಪ್ಲಸ್ ಎಂಬ ದರ್ಜೆ. ಕಾಮಿಕ್ಸ್ ಗ್ರೇಡಿಂಗಿಗೆ ಹೆಸರಾದ ಸಿಜಿಸಿ ಕೂಡ ಆಮೇಲೆ ಗೇಮ್‌ಗಳಿಗೆ ಕೈಹಾಕಿತು.

ಇಲ್ಲಿ ಗಮನಿಸಬೇಕಾದ್ದು ಇದು. ಸೀಲ್ ಆದ ಪ್ರತಿಗೆ ಸಿಗುವ ಅಂಕ ರಟ್ಟಿಗೆ ಮತ್ತು ಅದರ ಮೇಲಿನ ತೆಳು ಪ್ಲಾಸ್ಟಿಕ್ಕಿಗೆ ಸಿಗುವ ಅಂಕ. ಮೂಲೆ ಎಷ್ಟು ಚೂಪಾಗಿದೆ, ಬಣ್ಣ ಮಾಸಿದೆಯೇ, ಸುತ್ತು ಹರಿದಿದೆಯೇ ಎಂದಷ್ಟೇ. ಒಳಗಿನ ಗೇಮ್ ನಡೆಯುತ್ತದೆಯೇ ಎಂದು ಯಾರೂ ನೋಡಿರುವುದಿಲ್ಲ, ನೋಡಲೂ ಆಗದು. ಜೆಲ್ಡಾದ ಕ್ಯಾಸೆಟ್ಟಿನಲ್ಲಿ ನಿಮ್ಮ ಆಟವನ್ನು ನೆನಪಿಡಲು ಒಂದು ಸಣ್ಣ ಗುಂಡಿ ಬ್ಯಾಟರಿ ಇದೆ. ಬೋರ್ಡಿಗೆ ಬೆಸುಗೆ ಹಾಕಿ ಕೂರಿಸಿದ್ದು. ಸೀಲ್ ಒಡೆಯದ ಪ್ರತಿಯಲ್ಲೂ ಆ ಬ್ಯಾಟರಿಗೆ ವಯಸ್ಸಾಗುತ್ತಲೇ ಇದೆ. ಬದಲಿಸಬೇಕೆಂದರೆ ಸೀಲ್ ಒಡೆಯಬೇಕು. ಒಡೆದರೆ ಕೊಟ್ಟ ಬೆಲೆ ಹೋಯಿತು.

ಈಗ ಅಬ್ಬರದ ಕಥೆ. 2019ರ ಫೆಬ್ರವರಿಯಲ್ಲಿ 'ಸೂಪರ್ ಮಾರಿಯೊ ಬ್ರದರ್ಸ್'ನ ಒಂದು ಹಳೆಯ ಪ್ರತಿ 1,00,150 ಡಾಲರಿಗೆ ಹೋಯಿತು. ಪ್ಲಾಸ್ಟಿಕ್ ಸುತ್ತು ಬರುವುದಕ್ಕೂ ಮುಂಚಿನ, ಬರೀ ಒಂದು ಸ್ಟಿಕರಿನಿಂದ ಮುಚ್ಚಿದ ಡಬ್ಬಿ ಅದು. 2021ರ ಏಪ್ರಿಲಿನಲ್ಲಿ ಅದೇ ಗೇಮಿನ ಇನ್ನೊಂದು ಪ್ರತಿ 6,60,000 ಡಾಲರ್. ಜುಲೈ 9ರಂದು ನಮ್ಮ ಜೆಲ್ಡಾದ ಒಂದು ಸೀಲ್ ಆದ ಪ್ರತಿ 8,70,000 ಡಾಲರ್. ಎರಡೇ ದಿನ ಬಿಟ್ಟು, ಜುಲೈ 11ರಂದು, 'ಸೂಪರ್ ಮಾರಿಯೊ 64' 15 ಲಕ್ಷದ 60 ಸಾವಿರ ಡಾಲರ್! 2021ರ ಈ ಮೂರೂ ಡಲ್ಲಾಸಿನ ಹೆರಿಟೇಜ್ ಆಕ್ಷನ್ಸ್ ಹರಾಜಿನಲ್ಲಿ. ಆಗಸ್ಟಿನಲ್ಲಿ ರ‍್ಯಾಲಿ ಎಂಬ ಕಂಪನಿಯ ಮೂಲಕ 'ಸೂಪರ್ ಮಾರಿಯೊ ಬ್ರದರ್ಸ್'ನ ಮತ್ತೊಂದು ಪ್ರತಿ 20 ಲಕ್ಷ ಡಾಲರಿಗೆ ಮಾರಾಟವಾಯಿತು. ಅದನ್ನು ಆ ಕಂಪನಿ ಹಿಂದಿನ ವರ್ಷ ಕೊಂಡಿದ್ದು 1,40,000 ಡಾಲರಿಗೆ.

ಆ ಜೆಲ್ಡಾ ಪ್ರತಿಗೆ ಅಷ್ಟು ಬೆಲೆ ಬರಲು ಒಂದು ಕಾರಣವಾದರೂ ಇತ್ತು. ಅದು ತೀರಾ ಮೊದಮೊದಲು ಅಚ್ಚಾದ ಒಂದು ಬಗೆ. ಆ ಬಗೆಯ ಡಬ್ಬಿ ಸೀಲ್ ಆಗಿ ಉಳಿದಿರುವುದು ನಿಜಕ್ಕೂ ಅಪರೂಪ. 'ಸೂಪರ್ ಮಾರಿಯೊ 64' ಹಾಗಲ್ಲ. ಅದು 1.1 ಕೋಟಿಗಿಂತ ಹೆಚ್ಚು ಮಾರಾಟವಾದ ಗೇಮ್. ಸೀಲ್ ಆದ ಪ್ರತಿಗಳೂ ಸಾಕಷ್ಟಿವೆ. ಅಲ್ಲಿ ಅಷ್ಟು ಬೆಲೆ ತಂದದ್ದು 9.8 ಎಂಬ ಅಂಕ. ಆ ಅಂಕದವು ಒಟ್ಟು ಎಷ್ಟಿವೆ ಎಂದು ಹೇಳುವ ವಾಟಾದ ಪಟ್ಟಿ ಆ ದಿನಗಳಲ್ಲಿ ಸಾರ್ವಜನಿಕರಿಗೆ ಸಿಗುತ್ತಿರಲಿಲ್ಲ. ಅಂದರೆ ಕೊಳ್ಳುವವರು ಕತ್ತಲಲ್ಲಿ ಕೂಗುತ್ತಿದ್ದರು. ನನಗೆ ಇಡೀ ಕಥೆಯಲ್ಲಿ ತುಂಬ ಬೇಸರ ತಂದದ್ದು ಇದೇ.

ಬೇರೆ ಪ್ರಶ್ನೆಗಳೂ ಎದ್ದವು. 2019ರ ಆ ಮೊದಲ ದೊಡ್ಡ ಮಾರಾಟದಲ್ಲಿ ಕೊಂಡ ಮೂವರಲ್ಲಿ ಒಬ್ಬರು ಹೆರಿಟೇಜಿನ ಸ್ಥಾಪಕರಲ್ಲೊಬ್ಬರು. 2021ರ ಆಗಸ್ಟಿನಲ್ಲಿ ಯೂಟ್ಯೂಬರ್ ಕಾರ್ಲ್ ಜೋಬ್ಸ್ಟ್ ಈ ನಂಟುಗಳನ್ನೆಲ್ಲ ಒಟ್ಟಿಗೆ ಇಟ್ಟು ಒಂದು ದೀರ್ಘ ವಿಡಿಯೋ ಮಾಡಿದರು. 2022ರ ಮೇ ತಿಂಗಳಲ್ಲಿ ವಾಟಾ ಮೇಲೆ, ಮಾರುಕಟ್ಟೆಯನ್ನು ಬೇಕೆಂದೇ ಏರಿಸಿತು ಎಂದು ಆರೋಪಿಸಿ ಕೆಲವು ಗ್ರಾಹಕರು ಅಮೆರಿಕದಲ್ಲಿ ಮೊಕದ್ದಮೆ ಹೂಡಿದರು. ವಾಟಾ, ಹೆರಿಟೇಜ್ ಎರಡೂ ತಾವು ತಪ್ಪು ಮಾಡಿಲ್ಲ ಎಂದವು. ಯಾರ ಮಾತು ಸರಿ ಎಂದು ನಾನು ತೀರ್ಪು ಕೊಡಲು ಹೊರಟಿಲ್ಲ. ಆದರೆ ದುಡ್ಡು ಹಾಕುವವರಿಗೆ ಒಂದು ಪಾಠ ಸಾಕು. ಅಂಕ ಕೊಡುವವರು, ಮಾರುವವರು, ಕೊಳ್ಳುವವರು ಒಬ್ಬರಿಗೊಬ್ಬರು ಎಷ್ಟು ಹತ್ತಿರ ಎಂದು ನೋಡದೆ ಹರಾಜಿನ ಬೆಲೆಯನ್ನು ನಂಬಬೇಡಿ. 2021ರ ಬಿಸಿ ಆರಿದ ಮೇಲೆ ಸಾಮಾನ್ಯ ಗೇಮ್‌ಗಳ ಗ್ರೇಡ್ ಆದ ಪ್ರತಿಗಳ ಬೆಲೆ ಚೆನ್ನಾಗಿಯೇ ಇಳಿಯಿತು.

ಹಾಗಂತ ಗ್ರೇಡಿಂಗೇ ಮೋಸ ಎನ್ನಲಾರೆ. ಸಾವಿರಾರು ಡಾಲರಿನ ವಸ್ತು ಕೊಳ್ಳುವಾಗ ಅಸಲಿತನ ನೋಡಲು ಮೂರನೆಯವರು ಬೇಕೇ ಬೇಕು. ಡಬ್ಬಿಗೆ ಮತ್ತೆ ಹೊಸ ಪ್ಲಾಸ್ಟಿಕ್ ಸುತ್ತಿ ಸೀಲ್ ಆದದ್ದು ಎಂದು ಮಾರುವವರು ಇದ್ದಾರೆ. ಎನ್‌ಇಎಸ್ ಡಬ್ಬಿಗಳ ಹಿಂದೆ ಕಾರ್ಖಾನೆಯ ಸುತ್ತು ಇಂಗ್ಲಿಷಿನ ಎಚ್ ಅಕ್ಷರದ ಹಾಗೆ ಸೇರಿಕೊಂಡಿರುತ್ತದೆ. ಆದರೆ ಅಂಥದ್ದನ್ನು ಫೋಟೋದಲ್ಲಿ ನೋಡಿ ಖಚಿತವಾಗಿ ಹೇಳಲು ಅನುಭವ ಬೇಕು. ಅಪರೂಪದ ಬಗೆಗಳ ಹಿಂದೆ ಬಿದ್ದವರಿಗೆ, ಹತ್ತು ವರ್ಷ ಮುಟ್ಟದೆ ಇಡುವಷ್ಟು ಬೇರೆ ದುಡ್ಡು ಇರುವವರಿಗೆ, ಅಮೆರಿಕದಲ್ಲೇ ಕೂತು ಅಮೆರಿಕದಲ್ಲೇ ಮಾರುವವರಿಗೆ ಇದು ಸರಿ. ಇಂಡಿಯಾದಲ್ಲಿ ಕೂತು ಕೊಳ್ಳುವವರಿಗೆ ನಾನು ಬೇಡವೆಂದೇ ಹೇಳುತ್ತೇನೆ. ಇಲ್ಲಿ ಕೊಳ್ಳುವವರು ಬೆರಳೆಣಿಕೆ. ಮಾರಬೇಕೆಂದರೆ ಮತ್ತೆ ಕಡಲು ದಾಟಿಸಬೇಕು. ದಾರಿಯಲ್ಲಿ ಆ ಅಕ್ರಿಲಿಕ್ ಬಿರುಕು ಬಿಟ್ಟರೆ ಖರ್ಚು ಮತ್ತೆ ಮೊದಲಿನಿಂದ.

ಡಬ್ಬಿ, ಪುಸ್ತಕ ಎಲ್ಲ ಇರುವ ತೆರೆದ ಪ್ರತಿ

ಇದನ್ನು ಸಂಗ್ರಹಿಸುವವರು ಸಿಐಬಿ ಎನ್ನುತ್ತಾರೆ. ಡಬ್ಬಿ, ಕ್ಯಾಸೆಟ್, ಮ್ಯಾನ್ಯುಯಲ್, ಜೊತೆಗೆ ಬಂದ ಚೀಟಿ-ನಕ್ಷೆ ಎಲ್ಲ ಇರುತ್ತದೆ. ಸೀಲ್ ಮಾತ್ರ ಇರುವುದಿಲ್ಲ. ನನಗೆ ತುಂಬ ಇಷ್ಟವಾದ ಬಗೆ ಇದು. ಯಾಕೆಂದರೆ ಆ ಕಾಲದ ಗೇಮ್‌ಗಳಲ್ಲಿ ಅರ್ಧ ಕಥೆ ಪುಸ್ತಕದಲ್ಲೇ ಇರುತ್ತಿತ್ತು. ಜೆಲ್ಡಾವನ್ನು ಬರೀ ಕ್ಯಾಸೆಟ್ ಹಾಕಿ ಆಡಿದರೆ ಎಲ್ಲಿ ಹೋಗಬೇಕು, ಯಾಕೆ ಹೋಗಬೇಕು ಎಂದೇ ಗೊತ್ತಾಗದು. ಆಟ ಉಳಿಸಿದ ಮೇಲೆ ರೀಸೆಟ್ ಗುಂಡಿ ಒತ್ತಿ ಹಿಡಿದೇ ಪವರ್ ಆರಿಸಬೇಕು ಎಂಬುದೂ ಆ ಪುಸ್ತಕದಲ್ಲೇ ಇದೆ. ಸುಮ್ನೆ ಆರಿಸಿದರೆ ಉಳಿಸಿದ್ದು ಅಳಿಸಿಹೋಗಬಹುದು.

ಬೆಲೆಯ ಅಂತರ ನೋಡಿ. ಜೆಲ್ಡಾದ ಬಿಡಿ ಕ್ಯಾಸೆಟ್ ಅಮೆರಿಕದಲ್ಲಿ ಮೂವತ್ತು-ನಲವತ್ತು ಡಾಲರಿನ ಆಸುಪಾಸು ಸಿಗುತ್ತದೆ. ಡಬ್ಬಿ-ನಕ್ಷೆ ಸಮೇತ ಎಂದರೆ ನೂರು ಡಾಲರ್ ದಾಟುತ್ತದೆ, ಡಬ್ಬಿ ಚೆನ್ನಾಗಿದ್ದರೆ ಇನ್ನೂ ಮೇಲೆ. ಅಂದರೆ ಗೇಮಿಗಿಂತ ರಟ್ಟಿನ ಬೆಲೆಯೇ ಜಾಸ್ತಿ. ಅದಕ್ಕೆ ಕಾರಣವೂ ಸರಳ. ಮಕ್ಕಳು ಡಬ್ಬಿಯನ್ನು ಮೊದಲ ದಿನವೇ ಎಸೆದರು, ಕ್ಯಾಸೆಟ್ ಇಟ್ಟುಕೊಂಡರು.

ಹಾಗಾಗಿ ಕೊಳ್ಳುವಾಗ ಎಲ್ಲವೂ ಒಂದೇ ಕಾಲದ್ದೇ ಎಂದು ನೋಡಿ. ಈಗ ಡಬ್ಬಿಗಳ ನಕಲು ಮುದ್ರಣ ತುಂಬ ಚೆನ್ನಾಗಿ ಬರುತ್ತಿದೆ. ಅಕ್ಷರದ ಅಂಚು ಮಸುಕಾಗಿದ್ದರೆ, ರಟ್ಟಿನ ಒಳಮೈ ಬೆಳ್ಳಗೆ ಹೊಸದಾಗಿದ್ದರೆ ಅನುಮಾನ ಪಡಿ.

ಇನ್ನು ಹವೆ. ಇದನ್ನು ನಾನು ಕಷ್ಟಪಟ್ಟು ಕಲಿತೆ. ಸಾಗರದ ಮನೆಯಲ್ಲಿ ಒಂದು ಗೇಮ್ ಡಬ್ಬಿಯನ್ನು ಮೇಲಿನ ಕಪಾಟಿನಲ್ಲಿ ಇಟ್ಟಿದ್ದೆ. ಗೋಡೆ ಹೊರಗಿನದು, ಮಳೆಯ ಕಡೆಗೆ. ದಸರೆಗೆ ಹೋಗಿ ತೆಗೆದು ನೋಡಿದರೆ ರಟ್ಟು ಉಬ್ಬಿ ಅಲೆಅಲೆಯಾಗಿತ್ತು, ಅಂಚಿನಲ್ಲಿ ಹಸಿರು ಬೂಷ್ಟು. ಮ್ಯಾನ್ಯುಯಲ್ ಬಿಡಿಸಿದೆ. ನಡುವಿನ ಪಿನ್ನು ತುಕ್ಕು ಹಿಡಿದು, ಆ ಕೆಂಪು ಕಲೆ ನಾಲ್ಕು ಪುಟ ದಾಟಿ ಇಳಿದಿತ್ತು. ಒಂದೇ ಮಳೆಗಾಲ. ಮಲೆನಾಡು, ಕರಾವಳಿಯಲ್ಲಿ ಇರುವವರು ರಟ್ಟಿಗೆ ದುಡ್ಡು ಹಾಕುವ ಮೊದಲು ಗಾಳಿಯಾಡದ ಪ್ಲಾಸ್ಟಿಕ್ ಡಬ್ಬ, ಸಿಲಿಕಾ ಜೆಲ್ ಪೊಟ್ಟಣ, ಒಳಗಿನ ಗೋಡೆಯ ಕಪಾಟು, ಇಷ್ಟನ್ನು ಸಿದ್ಧ ಮಾಡಿಕೊಳ್ಳಿ. ವಿಜಯಪುರ, ಬಳ್ಳಾರಿ ಕಡೆಯವರಿಗೆ ಈ ತೊಂದರೆ ಕಡಿಮೆ. ಅಲ್ಲಿ ಬಿಸಿಲು ಬೀಳದ ಹಾಗೆ ನೋಡಿಕೊಂಡರೆ ಸಾಕು.

ಬಿಡಿ ಕ್ಯಾಸೆಟ್, ಅಸಲಿ ಕನ್ಸೋಲ್

ಆಡಬೇಕು, ಕೈಯಲ್ಲಿ ಹಿಡಿಯಬೇಕು, ಜೇಬಿಗೆ ಭಾರ ಆಗಬಾರದು ಎನ್ನುವವರಿಗೆ ಇದೇ ದಾರಿ. ಕ್ಯಾಸೆಟ್ಟಿನ ಪ್ಲಾಸ್ಟಿಕ್ ಗಟ್ಟಿ. ಮಳೆಗಾಲಕ್ಕೂ ರಟ್ಟಿನಷ್ಟು ಹೆದರುವುದಿಲ್ಲ. ಮತ್ತೆ ಮಾರುವುದೂ ಸುಲಭ. ಮೂವತ್ತು ಡಾಲರಿನ ವಸ್ತುವಿಗೆ ಕೊಳ್ಳುವವರು ಸದಾ ಇರುತ್ತಾರೆ. ಬೆಲೆ ತಿಳಿಯಲು ಪ್ರೈಸ್‌ಚಾರ್ಟಿಂಗ್ ಎಂಬ ಜಾಲತಾಣ ನೋಡಿ, ಇಲ್ಲಾ ಇಬೇಯಲ್ಲಿ ಮಾರಾಟವಾದವುಗಳ ಪಟ್ಟಿ ನೋಡಿ. ಮಾರುವವರು ಕೇಳುತ್ತಿರುವ ಬೆಲೆ ನೋಡಬೇಡಿ, ಅದು ಅವರ ಆಸೆ ಅಷ್ಟೇ.

ಇಲ್ಲಿ ದೊಡ್ಡ ಅಪಾಯ ನಕಲಿ. ಅದರಲ್ಲೂ ಗೇಮ್ ಬಾಯ್ ಅಡ್ವಾನ್ಸ್ ಎಂಬ ನಿಂಟೆಂಡೊ ಕೈಯಂತ್ರದ ಪೋಕೆಮಾನ್ ಕ್ಯಾಸೆಟ್ಟುಗಳು. ಕೆಲವು ವರ್ಷದ ಹಿಂದೆ ಆನ್‌ಲೈನಿನಲ್ಲಿ ಒಬ್ಬ ಮಾರಾಟಗಾರನಿಂದ 'ಪೋಕೆಮಾನ್ ಎಮರಾಲ್ಡ್' ತರಿಸಿದೆ. ಇಪ್ಪತ್ತು ಗಂಟೆ ಆಡಿದ್ದೆ. ಒಂದು ದಿನ ಆನ್ ಮಾಡಿದರೆ "ಹೊಸ ಆಟ" ಎಂಬ ಆಯ್ಕೆ ಮಾತ್ರ. ನನ್ನದೆಲ್ಲ ಹೋಗಿತ್ತು. ಮೂರು ಮೂಲೆಯ ಸ್ಕ್ರೂಡ್ರೈವರ್ ತಂದು ಬಿಚ್ಚಿದೆ. ಬೋರ್ಡಿನ ಮೇಲೆ ಚಿಪ್ ಇರಬೇಕಾದ ಕಡೆ ಕರಿ ಅಂಟಿನ ಒಂದು ಗುಡ್ಡೆ. ಪಕ್ಕದಲ್ಲಿ ಸತ್ತ ಬ್ಯಾಟರಿ. ಅಸಲಿ ಎಮರಾಲ್ಡಿನಲ್ಲಿ ಬ್ಯಾಟರಿ ಇರುವುದು ಗಡಿಯಾರಕ್ಕೆ ಮಾತ್ರ. ಅದು ಸತ್ತರೂ ಉಳಿಸಿದ ಆಟ ಉಳಿಯುತ್ತದೆ. ಬ್ಯಾಟರಿ ಸತ್ತದ್ದಕ್ಕೇ ಆಟ ಅಳಿಸಿತು ಎಂದರೆ ನಕಲಿ ಎಂದೇ ಅರ್ಥ.

ಬಿಚ್ಚದೆಯೂ ಪತ್ತೆ ಮಾಡಬಹುದು. ಕ್ಯಾಸೆಟ್ಟನ್ನು ತಲೆಕೆಳಗೆ ಹಿಡಿದು ಕೆಳಗಿನ ಸಂದಿಯಲ್ಲಿ ಟಾರ್ಚ್ ಬಿಡಿ. ಅಸಲಿಯಲ್ಲಿ ಚಿನ್ನದ ಬಣ್ಣದ ಪಿನ್ನುಗಳ ಪಕ್ಕ ಬೋರ್ಡಿನ ಮೇಲೆ ನಿಂಟೆಂಡೊ ಎಂದು ಅಚ್ಚಾಗಿರುವುದು ಕಾಣುತ್ತದೆ. ಮುಂದಿನ ಲೇಬಲನ್ನು ಬೆಳಕಿಗೆ ಓರೆ ಮಾಡಿದರೆ ಒತ್ತಿದ ಎರಡಂಕಿಯ ಒಂದು ಸಣ್ಣ ಗುರುತು ಇರುತ್ತದೆ. ಮಾರುವವರಿಂದ ಈ ಎರಡು ಫೋಟೋ ಕೇಳಿ. ಕೊಡದಿದ್ದರೆ ಬಿಡಿ.

ವಿದ್ಯುತ್ತಿನ ವಿಷಯದಲ್ಲಿ ದಯವಿಟ್ಟು ಅವಸರ ಮಾಡಬೇಡಿ. ಅಮೆರಿಕದ ಎನ್‌ಇಎಸ್ ಅಡಾಪ್ಟರ್ 120 ವೋಲ್ಟಿನದು, ಜಪಾನಿನದು 100 ವೋಲ್ಟಿನದು. ನಮ್ಮ 230ಕ್ಕೆ ನೇರ ಚುಚ್ಚಿದರೆ ಹೊಗೆಯೇ. ಇನ್ನೊಂದು, ಎನ್‌ಇಎಸ್‌ಗೆ 9 ವೋಲ್ಟ್ ಎಸಿ ಬರುತ್ತದೆ, ಫ್ಯಾಮಿಕಾಮಿಗೆ, ಅಂದರೆ ಎನ್‌ಇಎಸ್‌ನ ಜಪಾನಿ ರೂಪಕ್ಕೆ, 10 ವೋಲ್ಟ್ ಡಿಸಿ. ಪಿನ್ ಹಿಡಿಯಿತೆಂದು ಒಂದರದನ್ನು ಇನ್ನೊಂದಕ್ಕೆ ಹಾಕಿದರೆ ಫ್ಯಾಮಿಕಾಮ್ ಸುಟ್ಟುಹೋಗುತ್ತದೆ. ನಲವತ್ತು ವರ್ಷ ಬದುಕಿದ ಯಂತ್ರ ಒಂದು ಸೆಕೆಂಡಿನಲ್ಲಿ ಹೋಗುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಟಿವಿಯೂ ಮುಖ್ಯ. ಬಂದೂಕು ಹಿಡಿದು ಬಾತುಕೋಳಿ ಹೊಡೆಯುವ 'ಡಕ್ ಹಂಟ್' ಇವತ್ತಿನ ಎಲ್‌ಇಡಿ ಟಿವಿಯಲ್ಲಿ ಕೆಲಸ ಮಾಡದು. ಆ ಬಂದೂಕು ಹಳೆಯ ದಪ್ಪ ಟಿವಿಯ ಪರದೆ ಬೆಳಗುವ ಕ್ರಮವನ್ನೇ ನಂಬಿಕೊಂಡಿದೆ. ಗುಜರಿ ಅಂಗಡಿಯಲ್ಲಿ ಹಳೆ ಟಿವಿ ಅಗ್ಗಕ್ಕೆ ಸಿಕ್ಕರೆ ತನ್ನಿ. ಅಮೆರಿಕ, ಜಪಾನಿನ ಯಂತ್ರಗಳು ಕೊಡುವ ಎನ್‌ಟಿಎಸ್‌ಸಿ ಬಗೆಯ ಚಿತ್ರವನ್ನು ಬಣ್ಣದಲ್ಲಿ ತೋರಿಸುತ್ತದೆಯೇ ಎಂದು ಅಲ್ಲೇ ಹಾಕಿ ನೋಡಿ.

ನಮ್ಮ ಮನೆಗಳ ಟಿವಿ ಗೇಮ್

ಹುಬ್ಬಳ್ಳಿಯ ಗೆಳೆಯ ಕೇಳಿದ್ದು ಇದನ್ನೇ. ನಮ್ಮಲ್ಲಿ ಬಹಳ ಜನ ಎನ್‌ಇಎಸ್ ಕಂಡವರೇ ಅಲ್ಲ. ತೊಂಬತ್ತರ ದಶಕದಲ್ಲಿ ನಮ್ಮ ಮನೆಗಳಿಗೆ ಬಂದದ್ದು ಫ್ಯಾಮಿಕಾಮಿನ ನಕಲುಗಳು. ಮೀಡಿಯಾ, ಲಿಟಲ್ ಮಾಸ್ಟರ್, ಟರ್ಮಿನೇಟರ್ ಎಂಬ ಹೆಸರುಗಳು ನಿಮಗೂ ನೆನಪಿರಬಹುದು. ಹಳದಿ ಕ್ಯಾಸೆಟ್, ಅದರ ಮೇಲೆ ಸಾವಿರಾರು ಗೇಮ್ ಇದೆ ಎಂಬ ಲೇಬಲ್, ಒಳಗೆ ಅವೇ ಹತ್ತಾರು ಗೇಮ್ ಮತ್ತೆ ಮತ್ತೆ. ಕಾಂಟ್ರಾ, ಮಾರಿಯೊ, ರೋಡ್ ಫೈಟರ್, ಸರ್ಕಸ್ ಚಾರ್ಲಿ. ಬೇಸಿಗೆ ರಜೆ ಎಂದರೆ ಅದೇ ಅಲ್ವಾ?

ನನಗೆ ಗೊತ್ತಿರುವ ಮಟ್ಟಿಗೆ ಇವನ್ನು ಗ್ರೇಡ್ ಮಾಡಿಸುವವರು ಯಾರೂ ಇಲ್ಲ, ಬೆಲೆಪಟ್ಟಿಯೂ ಇಲ್ಲ. ಅದಕ್ಕೇ ನನಗೆ ಇವು ಬಹಳ ಮುಖ್ಯ ಅನಿಸುತ್ತವೆ. ಯಾವ ಹೆಸರಿನಲ್ಲಿ, ಯಾವ ಡಬ್ಬಿಯಲ್ಲಿ, ಯಾವ ಊರಿನ ಅಂಗಡಿಯಲ್ಲಿ ಬಂತು ಎಂದು ಬರೆದಿಟ್ಟವರು ತುಂಬ ಕಡಿಮೆ. ಅಟ್ಟದ ಮೇಲೆ ಇದ್ದರೆ ದಯವಿಟ್ಟು ಎಸೆಯಬೇಡಿ. ಡಬ್ಬಿ, ಬಿಲ್ಲು, ವಾರಂಟಿ ಚೀಟಿ ಇದ್ದರೆ ಇನ್ನೂ ಒಳ್ಳೆಯದು, ಫೋಟೋ ತೆಗೆದಿಡಿ.

ಇನ್ನೊಂದು ಲಾಭ ಇದೆ. ಈ ನಕಲು ಯಂತ್ರಗಳ ಬಾಯಿ ಫ್ಯಾಮಿಕಾಮಿನ ಅಳತೆಯದು, 60 ಪಿನ್ನು. ಹಾಗಾಗಿ ಜಪಾನಿನ ಅಸಲಿ ಫ್ಯಾಮಿಕಾಮ್ ಕ್ಯಾಸೆಟ್ಟುಗಳು ಬಹುಪಾಲು ಇವುಗಳಲ್ಲಿ ಕೂರುತ್ತವೆ, ನಡೆಯುತ್ತವೆ. ಅಮೆರಿಕದ ಎನ್‌ಇಎಸ್ ಕ್ಯಾಸೆಟ್ 72 ಪಿನ್ನಿನದು, ಅದು ಹಿಡಿಯದು. ಜಪಾನಿನ ಸಾಮಾನ್ಯ ಗೇಮ್‌ಗಳು ಅಮೆರಿಕದ್ದಕ್ಕಿಂತ ಅಗ್ಗ. ಭಾಷೆ ಜಪಾನಿ. ಮಾರಿಯೊ ಓಡಿಸಲು ಭಾಷೆ ಬೇಡ, ಕಥೆ ಓದಿ ಆಡುವ ಗೇಮಿಗೆ ಮಾತ್ರ ತೊಂದರೆ.

ಎಮ್ಯುಲೇಟರ್, ಫ್ಲ್ಯಾಶ್ ಕ್ಯಾಸೆಟ್, ಕಂಪನಿಯೇ ಮತ್ತೆ ತಂದದ್ದು

ಬರೀ ಆಡುವುದಷ್ಟೇ ಮುಖ್ಯ, ವಸ್ತು ಬೇಡ ಎಂದರೆ ಇಷ್ಟೆಲ್ಲ ಓದುವ ಅಗತ್ಯವೇ ಇಲ್ಲ. ಎಮ್ಯುಲೇಟರ್ ಎಂದರೆ ಹಳೆ ಗೇಮ್ ಯಂತ್ರದ ಹಾಗೆ ನಡೆದುಕೊಳ್ಳುವ ಸಾಫ್ಟ್‌ವೇರ್. ಈಗಿನ ಯಾವ ಮೊಬೈಲಿನಲ್ಲೂ ರೆಟ್ರೋಆರ್ಕ್ ಥರದ್ದು ಹಾಕಿ ಎಂಬತ್ತರ ದಶಕದ ಗೇಮ್ ಆಡಬಹುದು. ಗುಂಡಿಗಳಿರುವ ಸಣ್ಣ ಕೈಯಂತ್ರ ಬೇಕೆಂದರೆ ಆನ್‌ಬರ್ನಿಕ್, ಮಿಯೂ ಥರದವು ಇವೆ. ಎಮ್ಯುಲೇಟರ್ ಇಟ್ಟುಕೊಳ್ಳುವುದು ತಪ್ಪಲ್ಲ. ಆದರೆ ಗೇಮ್ ಫೈಲುಗಳನ್ನು ಅಲ್ಲಿ ಇಲ್ಲಿ ಇಳಿಸಿಕೊಳ್ಳುವುದು ಹಕ್ಕುಸ್ವಾಮ್ಯ ಮುರಿದ ಹಾಗೆ, ಅದು ತಿಳಿದಿರಲಿ.

ನೇರ ದಾರಿಯೂ ಇದೆ. ನಮ್ಮ ಜೆಲ್ಡಾವನ್ನೇ ನೋಡಿ. 2016ರ ಎನ್‌ಇಎಸ್ ಕ್ಲಾಸಿಕ್ ಎಂಬ ಪುಟ್ಟ ಪೆಟ್ಟಿಗೆಯ 30 ಗೇಮ್‌ಗಳಲ್ಲಿ ಅದೂ ಒಂದು. 2021ರಲ್ಲಿ 50 ಡಾಲರಿನ ಗೇಮ್ ಅಂಡ್ ವಾಚ್ ಎಂಬ ಪುಟ್ಟ ಕೈಯಂತ್ರದಲ್ಲಿ ಮತ್ತೆ ಬಂತು, ನಿಂಟೆಂಡೊದ ಸ್ವಿಚ್ ಯಂತ್ರದ ಆನ್‌ಲೈನ್ ಚಂದಾದಲ್ಲೂ ಇದೆ. ಆದರೆ ಚಂದಾ ನಿಮ್ಮದಲ್ಲ, ಬಾಡಿಗೆ ಇದ್ದ ಹಾಗೆ. ನಿಂಟೆಂಡೊ ತನ್ನ 3ಡಿಎಸ್, ವೀ ಯೂ ಯಂತ್ರಗಳ ಆನ್‌ಲೈನ್ ಅಂಗಡಿಗಳನ್ನು 2023ರ ಮಾರ್ಚ್ 27ರಂದು ಮುಚ್ಚಿತು. ಅವತ್ತಿನಿಂದ ಅಲ್ಲಿ ಹೊಸದಾಗಿ ಏನೂ ಕೊಳ್ಳಲಾಗದು. ಅದೇ ವರ್ಷ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ ಒಂದು ಅಧ್ಯಯನ ಹೊರತಂದಿತು. ಅಮೆರಿಕದಲ್ಲಿ 2010ಕ್ಕೆ ಮುಂಚೆ ಬಂದ ಗೇಮ್‌ಗಳಲ್ಲಿ 87 ಶೇಕಡಾ ಇವತ್ತು ಮಾರುಕಟ್ಟೆಯಲ್ಲಿ ಹೊಸದಾಗಿ ಸಿಗುವುದಿಲ್ಲ ಎಂದು ಅದು ಹೇಳಿತು. ಜೆಲ್ಡಾ, ಮಾರಿಯೊ ಎಲ್ಲಿ ಹೋದರೂ ಸಿಗುತ್ತವೆ. ನಿಮಗೆ ಇಷ್ಟವಾದ, ಯಾರೂ ನೆನಪಿಡದ ಗೇಮ್ ಇದ್ದರೆ ಅದರ ಕ್ಯಾಸೆಟ್ಟನ್ನೇ ಹುಡುಕಿ.

ಅಸಲಿ ಕನ್ಸೋಲ್ ಇದೆ, ಕ್ಯಾಸೆಟ್ ಗುಡ್ಡೆ ಹಾಕಲು ಜಾಗ ಇಲ್ಲ ಎನ್ನುವವರಿಗೆ ಎವರ್‌ಡ್ರೈವ್ ಥರದ ಫ್ಲ್ಯಾಶ್ ಕ್ಯಾಸೆಟ್, ಅಂದರೆ ಹಲವು ಗೇಮ್ ಫೈಲುಗಳನ್ನು ತುಂಬಿಕೊಳ್ಳುವ ಒಂದೇ ಕ್ಯಾಸೆಟ್, ಇದೆ. ಹಳೆ ಚಿಪ್ಪಿನ ನಡೆಯನ್ನೇ ಹೊಸ ಚಿಪ್ಪಿನಲ್ಲಿ ಕಟ್ಟುವ ಮಿಸ್ಟರ್, ಅನಲಾಗ್ ಪಾಕೆಟ್ ಯಂತ್ರಗಳೂ ಇವೆ. ಇವು ತುಂಬ ಒಳ್ಳೆಯವೇ, ಆದರೆ ದುಬಾರಿ. ಒಂದು ವರ್ಷವಾದರೂ ಎಮ್ಯುಲೇಟರಿನಲ್ಲಿ ನಿಜವಾಗಿ ಆಡುತ್ತೀರಾ ನೋಡಿಕೊಂಡು ಆಮೇಲೆ ಹೋಗಿ.

ಆ ಇಬ್ಬರಿಗೆ ಹೇಳಿದ್ದು

ಹುಬ್ಬಳ್ಳಿಯವನಿಗೆ ಮೊದಲು ಊರಿನ ಮನೆಯ ಅಟ್ಟ ಹತ್ತಿಸಿದೆ. ಹಳೆಯ ಯಂತ್ರ ಸಿಕ್ಕಿತು, ಅಡಾಪ್ಟರ್ ಮಾತ್ರ ಸತ್ತಿತ್ತು. ಯಂತ್ರದ ಕೆಳಗೆ ಬರೆದ ವೋಲ್ಟಿಗೆ ಸರಿಯಾಗಿ ಹೊಸ ಅಡಾಪ್ಟರ್ ತಂದ. ಹತ್ತು ಸಾವಿರದಲ್ಲಿ ಒಂದು ಭಾಗ ಗುಜರಿ ಟಿವಿಗೆ, ಒಂದು ಭಾಗ ಜಪಾನಿನ ಐದಾರು ಫ್ಯಾಮಿಕಾಮ್ ಕ್ಯಾಸೆಟ್ಟಿಗೆ. ಮಿಕ್ಕಿದ್ದು ಹಾಗೇ ಇದೆ. ಅಟ್ಟದಲ್ಲಿ ಏನೂ ಸಿಗದಿದ್ದರೆ ಒಂದು ಕೈಯಂತ್ರ ಕೊಳ್ಳು ಎನ್ನುತ್ತಿದ್ದೆ.

ತಂಗಿಯ ಗಂಡನಿಗೆ ಕೇಳಿದ್ದು ಎರಡೇ. "ಈ ಗೇಮ್ 9.4ರಲ್ಲಿ ಇನ್ನೆಷ್ಟಿವೆ ನೋಡಿದೆಯಾ? ಕಳೆದ ಆರು ತಿಂಗಳಲ್ಲಿ ಇದೇ ಅಂಕದ್ದು ಎಷ್ಟಕ್ಕೆ ಹೋಗಿದೆ?" ನೋಡಿದ. ಅವನಿಗೆ ಹೇಳಿದ ಬೆಲೆಗಿಂತ ಬಹಳ ಕೆಳಗೇ ಮಾರಾಟವಾಗಿದ್ದವು. ಆಮೇಲೆ ಮೂರನೆಯದು ಕೇಳಿದೆ. "ನೀನು ಇದನ್ನು ಆಡಬೇಕಾ?" ಸ್ವಲ್ಪ ಹೊತ್ತು ಬಿಟ್ಟು ಉತ್ತರ ಬಂತು. "ಪುಟ್ಟಿ ಜೊತೆ ಆಡ್ಬೇಕು ಅಂತಲೇ ಭಾವ."

ಅವನು ಕೊನೆಗೆ ಕೊಂಡದ್ದು ಡಬ್ಬಿ ಸಮೇತದ ಜೆಲ್ಡಾ, ಒಂದು ಎನ್‌ಇಎಸ್, ಇನ್ನೂ ಮೂರು ಬಿಡಿ ಕ್ಯಾಸೆಟ್. ಎಲ್ಲ ಸೇರಿ ನಾನೂರು ಡಾಲರ್ ದಾಟಲಿಲ್ಲ. ಕ್ಯಾಸೆಟ್ ಬಂದ ದಿನ ಫೋನ್ ಮಾಡಿ "ಊದಲಾ?" ಎಂದ. ಬೇಡ ಎಂದೆ. ನಾವೆಲ್ಲ ಊದಿಯೇ ಬೆಳೆದವರು. ಆದರೆ ಬಾಯಿಯ ತೇವ ಪಿನ್ನಿಗೆ ತುಕ್ಕು ತರುತ್ತದೆ. ಹತ್ತಿ ಸುತ್ತಿದ ಕಡ್ಡಿಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಉಜ್ಜಿ, ಕಡ್ಡಿ ಕಪ್ಪಾಗುವುದು ನಿಲ್ಲುವ ತನಕ. ಒಣಗಿದ ಮೇಲೆ ಹಾಕಿ. ಸೇವ್ ನಿಲ್ಲದಿದ್ದರೆ ಬ್ಯಾಟರಿ ಬದಲಿಸಿ. ಕಾಲುಪಟ್ಟಿ ಇರುವ ಸಿಆರ್2032 ಕೊಳ್ಳಿ, ಬರೀ ಗುಂಡಿ ಬ್ಯಾಟರಿಗೆ ನೇರವಾಗಿ ಬೆಸುಗೆ ಹಾಕುವುದು ಅಪಾಯ.

ಮೊನ್ನೆ ಅವನು ಇನ್ನೊಂದು ಫೋಟೋ ಕಳಿಸಿದ್ದಾನೆ. ನೆಲದ ಮೇಲೆ ಹರಡಿದ ನಕ್ಷೆ, ಅಸಲಿಯದರ ಜೆರಾಕ್ಸ್. ಖಾಲಿ ಇದ್ದ ಜಾಗದಲ್ಲಿ ಸೀಸದ ಕಡ್ಡಿಯಲ್ಲಿ ಬರೆದ ಮರಗಳು, ಒಂದು ಗುಹೆ, ಅದರ ಪಕ್ಕ ಮಗುವಿನ ಕೈಬರಹದಲ್ಲಿ ಕನ್ನಡದಲ್ಲೇ "ಇಲ್ಲಿ ಬಾಂಬ್ ಹಾಕು".